ಔಷಧಿಯೇ ಮುನಿದಾಗ: ಮಾತ್ರೆ, ಚರ್ಮ ಮತ್ತು ನಮ್ಮ ಮೈಯ ಕಾವಲುಪಡೆ

(ಸಂಘದ ಸಂಸ್ಥಾಪನಾ ದಿನಾಚರಣೆಯ ಅಂಗವಾಗಿ ನಡೆದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವಾರ್ಷಿಕೋತ್ಸವದಲ್ಲಿ ವೈದ್ಯರನ್ನು ಮಾತಿಗೆ ಕರೆದರೆ ಅವರು ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಂದು ಶುರು ಮಾಡಿ, ಹೋಳಿಗೆ ಬಡಿಸುವ ಹೊತ್ತಿಗೆ ಸರಿಯಾಗಿ ಹೋಳಿಗೆ ತಿನ್ನಬೇಡಿ ಎಂದು ಮುಗಿಸುವುದು ವಾಡಿಕೆ. ಇಂದು ನಾವು ಹೋಳಿಗೆಯ ತಂಟೆಗೆ ಹೋಗುವುದಿಲ್ಲ. ನಾವು ಮಾತನಾಡಬೇಕೆಂದಿರುವುದು ಅಪರೂಪದ ಒಂದು ಕಾಯಿಲೆಯ ಬಗ್ಗೆ. ಅಪರೂಪದ್ದಾದರೆ ನಮಗೇಕೆ ಎಂದು ನೀವು ಕೇಳಬಹುದು. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಕೆಲವರಿಗಷ್ಟೇ ಬರುವ ಕಾಯಿಲೆ ಇದು, ನಿಜ. ಆದರೆ ಬಂದವರಲ್ಲಿ ಹಲವರು ಉಳಿಯುವುದಿಲ್ಲ, ಉಳಿದವರಲ್ಲಿ ಹಲವರು ಕಣ್ಣಿನ ತೊಂದರೆಯನ್ನು ಜೀವನವಿಡೀ ಹೊರುತ್ತಾರೆ. ಇದು ಹೊರಗಿನಿಂದ ಬರುವ ಕಾಯಿಲೆಯೂ ಅಲ್ಲ. ವಾಸಿಯಾಗಲೆಂದು ನುಂಗಿದ ಮಾತ್ರೆಯಿಂದ, ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯ ಕೈಯಿಂದಲೇ ಆಗುವ ಅನಾಹುತ. ಇದರ ಬಗ್ಗೆ ತಿಳಿದಿದ್ದರೆ ಎಷ್ಟೋ ಸಲ ತಪ್ಪಿಸಬಹುದು, ತಪ್ಪಿಸಲಾಗದಿದ್ದರೂ ಬೇಗ ಗುರುತಿಸಬಹುದು.

ಒಂದು ಶುಕ್ರವಾರದ ಫೋನು

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಕನ್ನಡ ಕುಟುಂಬವೊಂದಕ್ಕೆ ಊರಿನಿಂದ ತಾಯಿ ಬಂದಿದ್ದರು. ಅರವತ್ತು ದಾಟಿದ ಗಟ್ಟಿ ಹೆಂಗಸು. ಮುಖದ ಒಂದು ಬದಿಗೆ ಸಿಡಿಲು ಹೊಡೆದ ಹಾಗೆ ಬರುವ ನರದ ನೋವಿಗೆ ಊರಿನಲ್ಲಿ ಒಂದು ಮಾತ್ರೆ ಶುರುಮಾಡಿದ್ದರು. ನೋವು ಇಳಿಯಿತು, ಸಂತೋಷದಿಂದ ವಿಮಾನ ಹತ್ತಿದರು. ಮಾತ್ರೆ ಶುರುವಾಗಿ ಹದಿನಾರನೆಯ ದಿನ, ಒಂದು ಶುಕ್ರವಾರ ಸಂಜೆ, ಮಗನಿಂದ ನಮಗೆ ಫೋನು ಬಂತು. "ಡಾಕ್ಟ್ರೇ, ಅಮ್ಮನಿಗೆ ಜ್ವರ. ಕಣ್ಣು ಕೆಂಪಗಾಗಿದೆ. ನುಂಗೋಕೆ ಕಷ್ಟ ಅಂತಾರೆ."

ನಾವು ಏನು ಹೇಳಿದೆವು? "ಹವೆ ಬದಲಾಗಿದೆ, ವಿಮಾನದ ಎ.ಸಿ. ಬೇರೆ. ವೈರಲ್ ಇರಬೇಕು. ಪ್ಯಾರಾಸಿಟಮಾಲ್ ಕೊಡಿ, ಎರಡು ದಿನ ನೋಡೋಣ" ಎಂದೆವು. ಅವರು ನಮ್ಮ ಮಾತನ್ನು ನಂಬಿದರು.

ಶನಿವಾರ ಬಾಯೆಲ್ಲ ಹುಣ್ಣಾಯಿತು. ಬೆಂಗಳೂರಿನಲ್ಲಿದ್ದ ಮಗಳು ಫೋನಿನಲ್ಲೇ, "ಉಷ್ಣ ಆಗಿದೆ, ಮಜ್ಜಿಗೆ ಕೊಡು, ಜೀರಿಗೆ ನೀರು ಕೊಡು" ಎಂದರು. ಭಾನುವಾರ ಎದೆಯ ಮೇಲೆ, ಬೆನ್ನಿನ ಮೇಲೆ ಕೆಂಪು ಮಚ್ಚೆಗಳು ಕಾಣಿಸಿಕೊಂಡವು. ನೋಡಲು ಬಂದ ಪರಿಚಯದವರೊಬ್ಬರು, "ಅಮ್ಮ ಆಗಿರಬೇಕು" ಎಂದರು. ಲಿಟಲ್ ಇಂಡಿಯಾದಿಂದ ಬೇವಿನ ಸೊಪ್ಪು ಬಂತು. ಇಷ್ಟೆಲ್ಲದರ ನಡುವೆ ಒಂದು ಕೆಲಸ ಮಾತ್ರ ಒಂದು ಹೊತ್ತೂ ತಪ್ಪಲಿಲ್ಲ. ಮುಖದ ನೋವಿನ ಮಾತ್ರೆಯನ್ನು ಸೊಸೆ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಶ್ರದ್ಧೆಯಿಂದ ಕೊಡುತ್ತಲೇ ಇದ್ದರು. ಸೋಮವಾರ ಬೆಳಿಗ್ಗೆ ಅತ್ತೆಯ ಮೈ ಒರೆಸುವಾಗ ಬೆನ್ನಿನ ಚರ್ಮ ಒದ್ದೆ ಕಾಗದದಂತೆ ಟವೆಲ್ಲಿಗೆ ಅಂಟಿ ಬಂತು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿದ್ದ ಕಿರಿಯ ವೈದ್ಯೆ ಮೊದಲು ಕೇಳಿದ ಪ್ರಶ್ನೆ ಒಂದೇ: "ಕಳೆದ ಎರಡು ತಿಂಗಳಲ್ಲಿ ಹೊಸದಾಗಿ ಯಾವ ಮಾತ್ರೆ ಶುರುವಾಗಿದೆ?" ಶುಕ್ರವಾರ ಸಂಜೆ ನಾವು ಕೇಳಬೇಕಾಗಿದ್ದ ಪ್ರಶ್ನೆ ಅದು. ನಾವು ಕೇಳಿರಲಿಲ್ಲ.

ಕಾಯಿಲೆಯ ಹೆಸರು, ಕಾಯಿಲೆಯ ಕತೆ

1922ರಲ್ಲಿ ನ್ಯೂಯಾರ್ಕಿನ ಸ್ಟೀವನ್ಸ್ ಮತ್ತು ಜಾನ್ಸನ್ ಎಂಬ ಇಬ್ಬರು ವೈದ್ಯರು ಇಬ್ಬರು ಹುಡುಗರ ಬಗ್ಗೆ ಬರೆದರು. ಜ್ವರ, ಮೈಮೇಲೆ ಮಚ್ಚೆ, ಬಾಯಲ್ಲಿ ಹುಣ್ಣು, ಕಣ್ಣಿನಲ್ಲಿ ತೀವ್ರ ಉರಿಯೂತ. ಇದೊಂದು ಹೊಸ ಬಗೆಯ ಜ್ವರ ಎಂದು ಅವರು ಭಾವಿಸಿದರು. 1956ರಲ್ಲಿ ಸ್ಕಾಟ್ಲೆಂಡಿನ ಚರ್ಮವೈದ್ಯ ಅಲನ್ ಲಯಲ್, ಕುದಿಯುವ ನೀರು ಬಿದ್ದಂತೆ ಚರ್ಮ ಸುಲಿದುಹೋದ ರೋಗಿಗಳ ಬಗ್ಗೆ ಬರೆದರು. ಅದಕ್ಕೆ ಟಾಕ್ಸಿಕ್ ಎಪಿಡರ್ಮಲ್ ನೆಕ್ರೋಲೈಸಿಸ್, ಚಿಕ್ಕದಾಗಿ 'ಟೆನ್' ಎಂದು ಹೆಸರಾಯಿತು. ಇವೆರಡೂ ಒಂದೇ ಕಾಯಿಲೆಯ ಸಣ್ಣ ಮತ್ತು ದೊಡ್ಡ ರೂಪಗಳೆಂದು ಈಗ ಒಪ್ಪಲಾಗಿದೆ. ಸುಲಿದ ಚರ್ಮ ಮೈಯ ಶೇಕಡಾ 10ಕ್ಕಿಂತ ಕಡಿಮೆಯಿದ್ದರೆ ಸ್ಟೀವನ್ಸ್-ಜಾನ್ಸನ್, 30ಕ್ಕಿಂತ ಹೆಚ್ಚಿದ್ದರೆ ಟೆನ್, ನಡುವಿನದು ಎರಡರ ಬೆರಕೆ. ನಮ್ಮ ಬೆರಳುಗಳೂ ಸೇರಿ ಒಂದು ಅಂಗೈಯೆಂದರೆ ಮೈಯ ಸುಮಾರು ಶೇಕಡಾ ಒಂದು ಭಾಗ. ಆ ಲೆಕ್ಕದಲ್ಲಿ ಮೂವತ್ತು ಅಂಗೈ ಅಗಲದ ಚರ್ಮ ಹೋದರೆ ಏನಾಗಬಹುದು, ನೀವೇ ಊಹಿಸಿ. ಸ್ಟೀವನ್ಸ್-ಜಾನ್ಸನ್ ಆದವರಲ್ಲಿ ನೂರಕ್ಕೆ ಹತ್ತರವರೆಗೆ ಸಾವು ಸಂಭವಿಸುತ್ತದೆ. ಟೆನ್ ಆದವರಲ್ಲಿ ಅದು ಮೂವತ್ತರ ಆಸುಪಾಸು.

ಯಾವ ಮಾತ್ರೆಗಳು? ಪಟ್ಟಿ ಉದ್ದವಿದೆ, ಆದರೆ ಹೆಚ್ಚಿನ ಪ್ರಕರಣಗಳು ಕೆಲವೇ ಔಷಧಿಗಳಿಂದ. ಮೂರ್ಛೆ ರೋಗಕ್ಕೆ ಮತ್ತು ಮುಖದ ನರದ ನೋವಿಗೆ ಕೊಡುವ ಕಾರ್ಬಮಜೆಪೀನ್, ಇದನ್ನು ಊರಿನಲ್ಲಿ ಟೆಗ್ರಿಟಾಲ್ ಮುಂತಾದ ಹೆಸರುಗಳಲ್ಲಿ ನೋಡಿರುತ್ತೀರಿ. ಅದೇ ಗುಂಪಿನ ಫೆನಿಟಾಯಿನ್, ಲಮೋಟ್ರಿಜಿನ್. ಯೂರಿಕ್ ಆಸಿಡ್ ಇಳಿಸುವ ಅಲೋಪ್ಯುರಿನಾಲ್, ಅಂದರೆ ಝೈಲೋರಿಕ್. ಸೆಪ್ಟ್ರಾನ್, ಬ್ಯಾಕ್ಟ್ರಿಮ್ ಎಂದು ನಮ್ಮ ಹಿಂದಿನ ತಲೆಮಾರು ಪ್ರತಿ ಜ್ವರಕ್ಕೂ ನುಂಗುತ್ತಿದ್ದ ಸಲ್ಫಾ ಮಾತ್ರೆ. ಪೈರಾಕ್ಸಿಕ್ಯಾಮ್ ಜಾತಿಯ ಕೆಲವು ನೋವಿನ ಮಾತ್ರೆಗಳು. ಇವೆಲ್ಲ ಕೆಟ್ಟ ಔಷಧಿಗಳಲ್ಲ, ಲಕ್ಷಾಂತರ ಜನರಿಗೆ ಒಳ್ಳೆಯದು ಮಾಡಿವೆ. ಒಂದೇ ಮಾತ್ರೆ ಸಾವಿರಾರು ಜನರಿಗೆ ಅಮೃತವಾಗಿ ಯಾರೋ ಒಬ್ಬರಿಗೆ ಮಾತ್ರ ಏಕೆ ವಿಷವಾಗುತ್ತದೆ ಎಂಬುದೇ ನಮ್ಮ ಇಂದಿನ ಪ್ರಶ್ನೆ.

ಕಾವಲುಗಾರರು ಮತ್ತು ಹರಿವಾಣ

ಮೈಯ ರೋಗನಿರೋಧಕ ವ್ಯವಸ್ಥೆಯ ಮುಖ್ಯ ಕೆಲಸ ತನ್ನವರು ಯಾರು, ಪರರು ಯಾರು ಎಂದು ಗುರುತಿಸುವುದು. ಇದು ಹೇಗೆ ನಡೆಯುತ್ತದೆ? ನಮ್ಮ ಮೈಯ ಹೆಚ್ಚುಕಡಿಮೆ ಪ್ರತಿಯೊಂದು ಜೀವಕೋಶವೂ ತನ್ನ ಒಳಗೆ ತಯಾರಾಗುವ ಪ್ರೋಟೀನುಗಳ ಸಣ್ಣ ಸಣ್ಣ ತುಣುಕುಗಳನ್ನು ಒಂದು ಹರಿವಾಣದಲ್ಲಿಟ್ಟು ಮನೆಯ ಬಾಗಿಲಿನಲ್ಲಿ ತೋರಿಸುತ್ತಿರುತ್ತದೆ. ಟಿ-ಕೋಶಗಳೆಂಬ ಕಾವಲುಗಾರರು ಬೀದಿ ಸುತ್ತುತ್ತ ಪ್ರತಿ ಬಾಗಿಲಿನ ಹರಿವಾಣವನ್ನು ಪರೀಕ್ಷಿಸುತ್ತಾರೆ. ಪರಿಚಿತ ಪದಾರ್ಥವಿದ್ದರೆ ಮುಂದೆ ಹೋಗುತ್ತಾರೆ. ವೈರಸ್ಸಿನ ತುಣುಕು ಕಂಡರೆ ಈ ಮನೆಯೊಳಗೆ ಶತ್ರು ಹೊಕ್ಕಿದ್ದಾನೆಂದು ತಿಳಿದು ಮನೆಯನ್ನೇ ಕೆಡವಿಹಾಕುತ್ತಾರೆ. ಮೈಯ ಮೇಲೆಯೇ ಕೈಮಾಡುವ ಸ್ವಭಾವದ ಟಿ-ಕೋಶಗಳಲ್ಲಿ ಹೆಚ್ಚಿನವನ್ನು, ಎದೆಯ ಮೂಳೆಯ ಹಿಂದಿರುವ ಥೈಮಸ್ ಎಂಬ ಪಾಠಶಾಲೆಯಲ್ಲಿ ಮೊದಲೇ ಫೇಲು ಮಾಡಿ ತೆಗೆದುಹಾಕಿರುತ್ತದೆ.

ಆ ಹರಿವಾಣಕ್ಕೆ ವೈದ್ಯರು ಇಟ್ಟಿರುವ ಹೆಸರು ಎಚ್.ಎಲ್.ಎ. ಇದರ ದಾರಿ ತೆರೆದವರು ಫ್ರಾನ್ಸಿನ ಜೀನ್ ಡೋಸೆ. 1958ರ ಅವರ ಕೆಲಸಕ್ಕೆ 1980ರಲ್ಲಿ ನೊಬೆಲ್ ಬಹುಮಾನದ ಪಾಲು ಬಂತು. ಮೂತ್ರಪಿಂಡ ಕಸಿಗೆ ಮುಂಚೆ ಅಣ್ಣನದು ತಮ್ಮನಿಗೆ ಹೊಂದುತ್ತದೆಯೇ ಎಂದು ನೋಡುವುದು ಈ ಎಚ್.ಎಲ್.ಎ.ಯನ್ನೇ. ಎಲ್ಲರ ಮನೆಯ ಹರಿವಾಣ ಒಂದೇ ಆಕಾರದ್ದಲ್ಲ. ಒಬ್ಬೊಬ್ಬರದು ಒಂದೊಂದು ಅಚ್ಚು. ಅರ್ಧ ತಂದೆಯಿಂದ ಬರುತ್ತದೆ, ಅರ್ಧ ತಾಯಿಯಿಂದ. ಇಷ್ಟೊಂದು ಬಗೆಗಳಿರುವುದರಿಂದಲೇ ಯಾವ ಸಾಂಕ್ರಾಮಿಕ ಬಂದರೂ ಯಾರಾದರೂ ಉಳಿದುಕೊಳ್ಳುತ್ತಾರೆ. ಈ ವೈವಿಧ್ಯ ನಮಗೆ ವರ. ಆದರೆ ಕೆಲವು ಹರಿವಾಣಗಳ ಗುಳಿಯಲ್ಲಿ ಕೆಲವು ಔಷಧಿಗಳು ಹೇಳಿ ಮಾಡಿಸಿದಂತೆ ಕುಳಿತುಬಿಡುತ್ತವೆ. ಆಗ ತೊಂದರೆ ಶುರು.

ಔಷಧಿ ಹೇಗೆ ಶತ್ರುವಿನಂತೆ ಕಾಣಿಸುತ್ತದೆ ಎಂಬುದಕ್ಕೆ ಮೂರು ವಿವರಣೆಗಳಿವೆ. ಒಂದು, ಪೆನಿಸಿಲಿನ್ನಿನಂತಹ ಔಷಧಿ ನಮ್ಮದೇ ಪ್ರೋಟೀನಿಗೆ ಬಲವಾಗಿ ಅಂಟಿಕೊಂಡು ಅದರ ಚಹರೆಯನ್ನೇ ಬದಲಿಸುತ್ತದೆ. ಎರಡು, ಔಷಧಿ ಯಾವುದಕ್ಕೂ ಗಟ್ಟಿಯಾಗಿ ಅಂಟದೆ ನೇರವಾಗಿ ಹರಿವಾಣಕ್ಕೂ ಟಿ-ಕೋಶಕ್ಕೂ ನಡುವೆ ಹೋಗಿ ಕೂರುತ್ತದೆ. ಮೂರು, ಔಷಧಿ ಹರಿವಾಣದ ಗುಳಿಯನ್ನು ತುಂಬಿ, ಅಲ್ಲಿ ಬೇರೆ ಬಗೆಯ ತುಣುಕುಗಳು ಕೂರುವಂತೆ ಮಾಡುತ್ತದೆ. ಎಚ್.ಐ.ವಿ.ಗೆ ಕೊಡುವ ಅಬಕಾವಿರ್ ಎಂಬ ಔಷಧಿ ಹೀಗೆ ಮಾಡುತ್ತದೆಂದು 2012ರಲ್ಲಿ ತೋರಿಸಲಾಯಿತು. ಕಾರ್ಬಮಜೆಪೀನ್ ಎರಡನೆಯ ರೀತಿ ನೇರವಾಗಿ ಹೋಗಿ ಕೂರುತ್ತದೆಂದು ಅದೇ ವರ್ಷ ತೈವಾನಿನ ಸಂಶೋಧಕರು ವರದಿ ಮಾಡಿದರು.

ಯಾವ ದಾರಿಯಾದರೂ ಮುಂದಿನ ಕತೆ ಒಂದೇ. ಕಾವಲುಗಾರನಿಗೆ ಚರ್ಮದ ಕೋಶವೇ ಶತ್ರುವಿನ ಮನೆಯಂತೆ ಕಾಣುತ್ತದೆ. ಆ ಔಷಧಿಯನ್ನು ಗುರುತಿಸಿದ ಟಿ-ಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆದು ಸೈನ್ಯವಾಗುತ್ತವೆ. ಇದಕ್ಕೆ ದಿನಗಳು, ವಾರಗಳು ಹಿಡಿಯುತ್ತವೆ. ಆದ್ದರಿಂದಲೇ ಈ ಕಾಯಿಲೆ ಮಾತ್ರೆ ನುಂಗಿದ ತಕ್ಷಣ ಬರುವುದಿಲ್ಲ. ಸಾಮಾನ್ಯವಾಗಿ ನಾಲ್ಕನೆಯ ದಿನದಿಂದ ನಾಲ್ಕನೆಯ ವಾರದೊಳಗೆ, ಕೆಲವೊಮ್ಮೆ ಎರಡು ತಿಂಗಳವರೆಗೂ ಕಾದು ಬರುತ್ತದೆ. ಒಮ್ಮೆ ಬಂದುಹೋದವರು ಅದೇ ಮಾತ್ರೆಯನ್ನು ಮತ್ತೆ ನುಂಗಿದರೆ, ಸೈನ್ಯ ಸಿದ್ಧವಾಗಿಯೇ ಇರುವುದರಿಂದ, ಒಂದೆರಡು ದಿನಗಳಲ್ಲೇ, ಕೆಲವೊಮ್ಮೆ ಗಂಟೆಗಳಲ್ಲೇ ಮರುಕಳಿಸಬಹುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಇಂಜೆಕ್ಷನ್ನಿಗೆ ಮುಂಚೆ ಕೈಗೆ ಸ್ವಲ್ಪ ಚುಚ್ಚಿ "ಟೆಸ್ಟ್ ಡೋಸ್" ನೋಡುವುದು ನಿಮಗೆಲ್ಲ ಗೊತ್ತು. ಅದು ನಿಮಿಷಗಳಲ್ಲಿ ದದ್ದು, ಉಬ್ಬಸ ತರುವ ಬೇರೆ ಬಗೆಯ ಅಲರ್ಜಿಗೆ. ಅಲ್ಲಿ ಕೆಲಸ ಮಾಡುವುದು ಐ.ಜಿ.ಇ. ಎಂಬ ಪ್ರತಿಕಾಯ. ನಾವು ಹೇಳುತ್ತಿರುವುದು ಟಿ-ಕೋಶಗಳ ಕೆಲಸ. ಆ ಚುಚ್ಚು ಪರೀಕ್ಷೆಯಿಂದ ಇದು ಮುಂಚಿತವಾಗಿ ತಿಳಿಯುವುದಿಲ್ಲ. ಮೊದಲ ಹತ್ತು ಮಾತ್ರೆ ಏನೂ ಮಾಡಲಿಲ್ಲ ಎಂಬುದೂ ಅಭಯವಲ್ಲ.

ಟಿ-ಕೋಶಗಳು ಚರ್ಮವನ್ನು ಕೊಲ್ಲುವುದು ಯಾವ ಆಯುಧದಿಂದ? 1998ರಲ್ಲಿ 'ಫ್ಯಾಸ್' ಎಂಬ ಸಾವಿನ ಗುಂಡಿಯನ್ನು ಒತ್ತುವ ಪ್ರೋಟೀನಿನ ಬಗ್ಗೆ ವರದಿಯಾಯಿತು. 2008ರಲ್ಲಿ ತೈವಾನಿನ ತಂಡ ರೋಗಿಗಳ ಬೊಬ್ಬೆಯ ನೀರನ್ನೇ ಪರೀಕ್ಷಿಸಿ, ಅದರಲ್ಲಿ ಗ್ರ್ಯಾನುಲೈಸಿನ್ ಎಂಬ ಪ್ರೋಟೀನು ಹೇರಳವಾಗಿರುವುದನ್ನು ಕಂಡಿತು. ಕಾಯಿಲೆ ಹೆಚ್ಚಿದ್ದಷ್ಟೂ ಅದೂ ಹೆಚ್ಚು. ಟಿ-ಕೋಶಗಳು ಉಗುಳುವ ಈ ವಸ್ತು ಅಕ್ಕಪಕ್ಕದ ಚರ್ಮಕೋಶಗಳನ್ನೂ ಕೊಲ್ಲುತ್ತದೆ. ಕೆಲವೇ ಕಾವಲುಗಾರರಿಂದ ಅಷ್ಟಗಲ ಚರ್ಮ ಸಾಯುವುದು ಹೇಗೆಂಬ ಒಗಟಿಗೆ ಇದರಿಂದ ದೊಡ್ಡ ಉತ್ತರ ಸಿಕ್ಕಿತು. ಮೇಲ್ಚರ್ಮ ಪೂರ್ತಿ ಸತ್ತು ಕೆಳಗಿನ ಪದರದಿಂದ ಬಿಡುತ್ತದೆ. ಬಾಯಿ, ಕಣ್ಣು, ಮೂತ್ರದ್ವಾರಗಳ ಒಳಪೊರೆಗೂ ಇದೇ ಗತಿ.

ತೈವಾನಿನಿಂದ ಸಿಂಗಪುರಕ್ಕೆ

ಕಾರ್ಬಮಜೆಪೀನ್‌ನಿಂದಾಗುವ ಈ ಕಾಯಿಲೆ ಯೂರೋಪಿನವರಿಗಿಂತ ಏಷ್ಯಾದ ಕೆಲವು ಜನಾಂಗಗಳಲ್ಲಿ ಹೆಚ್ಚು ಎಂಬುದು ವೈದ್ಯರ ಗಮನಕ್ಕೆ ಬಂದಿತ್ತು. 2004ರಲ್ಲಿ ತೈವಾನಿನಿಂದ ಒಂದು ಸಣ್ಣ ವರದಿ ಪ್ರಕಟವಾಯಿತು. ಕಾರ್ಬಮಜೆಪೀನ್‌ನಿಂದ ಸ್ಟೀವನ್ಸ್-ಜಾನ್ಸನ್ ಆದ 44 ರೋಗಿಗಳನ್ನು ಪರೀಕ್ಷಿಸಿದರೆ, 44 ಜನರಲ್ಲೂ ಎಚ್.ಎಲ್.ಎ. ಬಿ-1502 ಎಂಬ ಒಂದೇ ಅಚ್ಚು! ಅದೇ ಮಾತ್ರೆಯನ್ನು ತೊಂದರೆಯಿಲ್ಲದೆ ನುಂಗುತ್ತಿದ್ದವರಲ್ಲಿ ಅದು ನೂರಕ್ಕೆ ಮೂವರಲ್ಲಿ ಮಾತ್ರ. ವೈದ್ಯಕೀಯದಲ್ಲಿ ಇಷ್ಟು ನಿಚ್ಚಳ ಸಂಬಂಧ ಸಿಗುವುದು ಅಪರೂಪ. ಮರುವರ್ಷ ಅಲೋಪ್ಯುರಿನಾಲ್‌ಗೂ ಬಿ-5801 ಎಂಬ ಅಚ್ಚಿಗೂ ಇಂಥದೇ ನಂಟು ಸಿಕ್ಕಿತು. 2011ರಲ್ಲಿ ಅದೇ ತೈವಾನಿನವರು 4,877 ಜನರನ್ನು ಮೊದಲೇ ಪರೀಕ್ಷಿಸಿ, ಬಿ-1502 ಇದ್ದವರಿಗೆ ಬೇರೆ ಔಷಧಿ ಕೊಟ್ಟರು. ಹಿಂದಿನ ಲೆಕ್ಕದಂತೆ ಸುಮಾರು ಹತ್ತು ಜನರಿಗೆ ಕಾಯಿಲೆ ಬರಬೇಕಿತ್ತು. ಒಬ್ಬರಿಗೂ ಬರಲಿಲ್ಲ.

ನಮ್ಮ ಸಿಂಗಪುರದಲ್ಲಿ ಆಗಿದ್ದು ಇನ್ನೂ ಕುತೂಹಲದ ಸಂಗತಿ. ಇಲ್ಲಿ ಚೀನೀಯರು, ಮಲಯರು, ಭಾರತೀಯರು ಒಂದೇ ಊರಿನಲ್ಲಿದ್ದಾರೆ. ಬಿ-1502 ಚೀನೀಯರಲ್ಲಿ, ಮಲಯರಲ್ಲಿ ಹೆಚ್ಚು. ಭಾರತೀಯರಲ್ಲಿ ಸಾಮಾನ್ಯವಾಗಿ ನೂರಕ್ಕೆ ಎರಡರಿಂದ ನಾಲ್ಕು, ಕೆಲವು ಗುಂಪುಗಳಲ್ಲಿ ಹೆಚ್ಚು. ಜಪಾನೀಯರಲ್ಲಿ, ಕೊರಿಯನ್ನರಲ್ಲಿ ಒಂದಕ್ಕಿಂತ ಕಡಿಮೆ. 2012ರಲ್ಲಿ ಇಲ್ಲಿಯ ಸಂಶೋಧಕರು ಖರ್ಚು-ಲಾಭದ ಲೆಕ್ಕ ಹಾಕಿದರು. ಚೀನೀಯರಿಗೆ, ಮಲಯರಿಗೆ ಪರೀಕ್ಷೆ ಮಾಡಿಸುವುದು ಲಾಭಕರ, ಭಾರತೀಯರಿಗೆ ಅಷ್ಟು ಲಾಭಕರವಲ್ಲ ಎಂದು ಲೆಕ್ಕ ಬಂತು. ಆದರೆ 2013ರ ಏಪ್ರಿಲ್‌ನಲ್ಲಿ ಇಲ್ಲಿಯ ಆರೋಗ್ಯ ಮಂತ್ರಾಲಯ ಮತ್ತು ಹೆಲ್ತ್ ಸೈನ್ಸಸ್ ಅಥಾರಿಟಿ ಸೇರಿ ಸೂಚನೆ ಕೊಟ್ಟಾಗ ಜನಾಂಗದ ಗೆರೆ ಎಳೆಯಲಿಲ್ಲ. ಏಷ್ಯಾ ಮೂಲದ ಯಾರಿಗೇ ಆಗಲಿ ಕಾರ್ಬಮಜೆಪೀನ್ ಹೊಸದಾಗಿ ಶುರುಮಾಡುವ ಮುಂಚೆ ಈ ರಕ್ತಪರೀಕ್ಷೆ ಮಾಡಬೇಕು ಎಂದರು. ಸರಕಾರಿ ಆಸ್ಪತ್ರೆಗಳ ಸಬ್ಸಿಡಿ ರೋಗಿಗಳಿಗೆ ಪರೀಕ್ಷೆಯ ಖರ್ಚಿನಲ್ಲಿ ನೆರವನ್ನೂ ಕೊಟ್ಟರು. ಆಮೇಲಿನ ವರ್ಷಗಳಲ್ಲಿ ಇಲ್ಲಿ ಈ ಔಷಧಿಯಿಂದ ವರದಿಯಾಗುವ ಪ್ರಕರಣಗಳು ಬಹಳ ಇಳಿದವು. ಅಲೋಪ್ಯುರಿನಾಲ್ ವಿಷಯದಲ್ಲಿ ಮಾತ್ರ ಹಾಗೆ ಎಲ್ಲರಿಗೂ ಪರೀಕ್ಷೆ ಎಂದು ಆಗ ಹೇಳಲಿಲ್ಲ. ಅಲ್ಲಿ ಕಡಿಮೆ ಪ್ರಮಾಣದಿಂದ ಶುರುಮಾಡುವುದು, ಮೂತ್ರಪಿಂಡದ ಸ್ಥಿತಿ ನೋಡುವುದು, ಅಪಾಯ ಹೆಚ್ಚಿರುವವರಿಗೆ ಪರೀಕ್ಷೆಯ ಬಗ್ಗೆ ಯೋಚಿಸುವುದು ವೈದ್ಯರ ವಿವೇಚನೆ.

ಭಾರತೀಯರಿಗೆ ಇದು ಅನ್ವಯಿಸುತ್ತದೆಯೇ? 2009ರಲ್ಲಿ ಭಾರತದಿಂದಲೇ ಬಂದ ಒಂದು ಸಣ್ಣ ಅಧ್ಯಯನದಲ್ಲಿ ಕಾರ್ಬಮಜೆಪೀನ್‌ನಿಂದ ಕಾಯಿಲೆಯಾದ ಎಂಟು ಜನರಲ್ಲಿ ಆರು ಜನರಿಗೆ ಬಿ-1502 ಇತ್ತು. ಸಂಖ್ಯೆ ಚಿಕ್ಕದು, ಸೂಚನೆ ದೊಡ್ಡದು. ನಾವು ಹೇಳಿದ ಆ ತಾಯಿಗೂ ಪರೀಕ್ಷೆ ಮಾಡಿದಾಗ ಬಿ-1502 ಇತ್ತು. ಊರಿನಲ್ಲಿ ಮಾತ್ರೆ ಬರೆಯುವಾಗ ಇಂಥ ಪರೀಕ್ಷೆಯ ಮಾತೇ ಬಂದಿರಲಿಲ್ಲ. ಇದೇ ತಾಯಿ ಅದೇ ನೋವಿಗೆ ಇಲ್ಲಿ ವೈದ್ಯರಲ್ಲಿಗೆ ಹೋಗಿದ್ದರೆ ಮಾತ್ರೆಗೆ ಮುಂಚೆ ಪರೀಕ್ಷೆ ಆಗುತ್ತಿತ್ತು ಎಂಬ ಯೋಚನೆ ನಮ್ಮನ್ನು ಇಂದಿಗೂ ಬಿಟ್ಟಿಲ್ಲ.

ಎರಡು ಮಾತು ಎಚ್ಚರಿಕೆಗೆ. ಬಿ-1502 ಇದೆ ಎಂದ ಮಾತ್ರಕ್ಕೆ ಅದು ಹಣೆಬರಹವಲ್ಲ. ಇದ್ದವರಲ್ಲೂ ಕೆಲವರಿಗೆ ಮಾತ್ರ ಕಾಯಿಲೆ ಬರುತ್ತದೆ. ಹರಿವಾಣದ ಜೊತೆಗೆ ಅದನ್ನು ತಪ್ಪಾಗಿ ಓದುವ ಟಿ-ಕೋಶವೂ ಇರಬೇಕೆಂದು 2011ರ ಸಂಶೋಧನೆ ತೋರಿಸಿತು. ಹಾಗೆಯೇ ಪರೀಕ್ಷೆ 'ಇಲ್ಲ' ಎಂದು ಬಂದರೆ ಅದು ಪೂರ್ಣ ರಕ್ಷೆಯೂ ಅಲ್ಲ. ಜಪಾನ್ ಮತ್ತು ಯೂರೋಪಿನಲ್ಲಿ ಎ-3101 ಎಂಬ ಬೇರೊಂದು ಅಚ್ಚು ಸಿಕ್ಕಿದೆ. ಫೆನಿಟಾಯಿನ್ ವಿಷಯದಲ್ಲಿ ಔಷಧಿಯನ್ನು ಮೈಯಿಂದ ಹೊರಹಾಕುವ ಕಿಣ್ವ ನಿಧಾನವಾಗಿರುವವರಿಗೆ ಅಪಾಯ ಹೆಚ್ಚೆಂದು 2014ರಲ್ಲಿ ತಿಳಿಯಿತು. ಪರೀಕ್ಷೆ ಮಾಡಿಸಿದರೂ ಕಣ್ಣು ತೆರೆದಿರಬೇಕು.

ನಮ್ಮ ಮನೆಗಳಲ್ಲಿ ಏನು ಮಾಡಬೇಕು

ನಮ್ಮ ಕನ್ನಡ ಮನೆಗಳಿಗೆ ಊರಿನಿಂದ ತಂದೆತಾಯಿ ಬರುವಾಗ ಚಟ್ನಿಪುಡಿ, ಹಪ್ಪಳಗಳ ಜೊತೆಗೆ ಒಂದು ಮಾತ್ರೆಯ ಚೀಲವೂ ಬರುತ್ತದೆ. ಅಂಗಡಿಯವರು ಸ್ಟ್ರಿಪ್ಪನ್ನು ಕತ್ತರಿಯಿಂದ ಕತ್ತರಿಸಿ ಕೊಟ್ಟಿರುತ್ತಾರೆ, ಹೆಸರಿದ್ದ ತುದಿ ಹೋಗಿರುತ್ತದೆ. "ಇದು ಯಾವುದಕ್ಕಮ್ಮ?" ಎಂದರೆ "ಅದು ಬಿಳಿ ಮಾತ್ರೆ, ರಾತ್ರಿದು" ಎಂಬ ಉತ್ತರ. ಆದ್ದರಿಂದ ಕೆಲವು ಕೋರಿಕೆಗಳು.

ಮೊದಲನೆಯದು. ಹಿರಿಯರು ಬಂದ ದಿನವೇ ಅವರ ಎಲ್ಲ ಮಾತ್ರೆಗಳ ಮೂಲ ಹೆಸರು, ಪ್ರಮಾಣ, ಮುಖ್ಯವಾಗಿ ಶುರುವಾದ ತಾರೀಖನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಮೂಲ ಹೆಸರೇಕೆಂದರೆ ಒಂದೇ ಔಷಧಿಗೆ ಊರಿನಲ್ಲಿ ಹತ್ತು ಹೆಸರು. ನಾಟಿ ಔಷಧಿ, ಪುಡಿ, ಲೇಹ್ಯಗಳನ್ನೂ ಬರೆಯಿರಿ. ಅವುಗಳಲ್ಲಿ ಯಾರಿಗೂ ಹೇಳದೆ ಬೆರೆಸಿದ ಇಂಗ್ಲಿಷ್ ಔಷಧಿ ಸಿಕ್ಕ ಪ್ರಕರಣಗಳ ಬಗ್ಗೆ ಇಲ್ಲಿಯ ಅಧಿಕಾರಿಗಳು ಮತ್ತೆ ಮತ್ತೆ ಎಚ್ಚರಿಸಿದ್ದಾರೆ.

ಎರಡನೆಯದು. ಹೊಸ ಮಾತ್ರೆ ಶುರುವಾದ ಎರಡು ತಿಂಗಳೊಳಗೆ ಜ್ವರ, ಕೆಂಪು ಕಣ್ಣು, ಬಾಯಿಹುಣ್ಣು, ಮುಟ್ಟಿದರೆ ನೋಯುವ ಮಚ್ಚೆ, ಬೊಬ್ಬೆ, ಮುಖದ ಊತ ಇವುಗಳಲ್ಲಿ ಎರಡು ಸೇರಿ ಬಂದರೆ 'ಉಷ್ಣ' ಎಂದು ಕೂರಬೇಡಿ, 'ಅಮ್ಮ' ಎಂದು ಕೈಮುಗಿದು ಕಾಯಬೇಡಿ. ಸಾಮಾನ್ಯ ಉಷ್ಣಕ್ಕೆ ಕಣ್ಣು, ಬಾಯಿ, ಚರ್ಮ ಮೂರೂ ಒಟ್ಟಿಗೆ ಕೆಡುವುದಿಲ್ಲ. ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಚರ್ಮ ಬಿಡುತ್ತಿದ್ದರೆ 995ಕ್ಕೆ ಫೋನು ಮಾಡಿ. ಸಂಶಯದ ಮಾತ್ರೆಯ ಮುಂದಿನ ಹೊತ್ತನ್ನು ಕೊಡುವ ಮೊದಲು ವೈದ್ಯರನ್ನು ಕೇಳಿ. ಮಾತ್ರೆ ಬೇಗ ನಿಲ್ಲಿಸಿದಷ್ಟೂ ಬದುಕುವ ಅವಕಾಶ ಹೆಚ್ಚು. ಮೈಯಿಂದ ಬೇಗ ಹೊರಹೋಗುವ ಔಷಧಿಗಳಲ್ಲಿ ಒಂದು ದಿನ ಮುಂಚೆ ನಿಲ್ಲಿಸಿದರೂ ಸಾವಿನ ಅಪಾಯ ಸುಮಾರು ಶೇಕಡಾ 30ರಷ್ಟು ಇಳಿಯುತ್ತದೆಂದು 2000ದಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿತು.

ಮೂರನೆಯದು. ತಪ್ಪು ಆರೋಪಿಯನ್ನು ಹಿಡಿಯಬೇಡಿ. ಜ್ವರ ಬಂದ ಮೇಲೆ ಕೊಟ್ಟ ಪ್ಯಾರಾಸಿಟಮಾಲ್ ಕೊನೆಯದಾದ್ದರಿಂದ ಎಲ್ಲರೂ ಅದನ್ನೇ ಬೈಯುತ್ತಾರೆ. ನಿಜವಾದ ಆರೋಪಿ ಎರಡು ಮೂರು ವಾರ ಮುಂಚೆಯೇ ಮನೆಯೊಳಗೆ ಬಂದು ಕುಳಿತಿರುತ್ತಾನೆ.

ನಾಲ್ಕನೆಯದು. ಇಂದಿನ ಮಾತು ಕೇಳಿ ಯಾರೂ ಮನೆಗೆ ಹೋಗಿ ಮೂರ್ಛೆ ರೋಗದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ವರ್ಷಗಟ್ಟಲೆ ಕಾರ್ಬಮಜೆಪೀನ್ ನುಂಗಿಯೂ ಚೆನ್ನಾಗಿರುವವರಿಗೆ ಈ ಕಾಯಿಲೆಯ ಅಪಾಯ ತೀರ ಕಡಿಮೆ. ಮಾತ್ರೆ ಹಠಾತ್ತನೆ ನಿಂತರೆ ಫಿಟ್ಸ್ ಬರುವ ಅಪಾಯವೇ ಹೆಚ್ಚು. ಎಚ್ಚರಿಕೆ ಬೇಕಾದದ್ದು ಹೊಸದಾಗಿ ಶುರುಮಾಡುವವರಿಗೆ, ಮೊದಲ ಎರಡು ಮೂರು ತಿಂಗಳು.

ಐದನೆಯದು. ಒಮ್ಮೆ ಈ ಕಾಯಿಲೆ ಬಂದವರು ಆ ಔಷಧಿಯ ಹೆಸರನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದ ಚೀಟಿಯನ್ನು ಪರ್ಸಿನಲ್ಲಿಟ್ಟುಕೊಳ್ಳಿ. ಇಲ್ಲಿಯ ಆಸ್ಪತ್ರೆಗಳ ಕಂಪ್ಯೂಟರಿನಲ್ಲಿ ನಿಮ್ಮ ಅಲರ್ಜಿ ದಾಖಲಾಗಿರುತ್ತದೆ, ಆದರೆ ಆ ಕಂಪ್ಯೂಟರು ದಾವಣಗೆರೆಯ ಕ್ಲಿನಿಕ್ಕಿನವರಿಗೆ ಕಾಣುವುದಿಲ್ಲ. ಕಾರ್ಬಮಜೆಪೀನ್ ಆಗದವರಿಗೆ ಅದರ ಬಂಧುಗಳಾದ ಆಕ್ಸ್‌ಕಾರ್ಬಜೆಪೀನ್, ಫೆನಿಟಾಯಿನ್ ಮುಂತಾದವೂ ಆಗದಿರಬಹುದು, ಅದನ್ನೂ ಬರೆಸಿಕೊಳ್ಳಿ. ಹರಿವಾಣದ ಅಚ್ಚು ವಂಶದ್ದು. ತಾಯಿಯ ಒಂದು ಪ್ರತಿಯಲ್ಲಿ ಬಿ-1502 ಇದ್ದರೆ ಪ್ರತಿಯೊಂದು ಮಗುವಿಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಮುಂದೆ ಯಾವ ವೈದ್ಯರನ್ನು ಕಂಡರೂ ಇದನ್ನು ಹೇಳಬೇಕು.

ಆ ತಾಯಿ

ಆ ತಾಯಿ ಬದುಕಿದರು. ಸುಟ್ಟ ಗಾಯದವರಿಗೆ ಮಾಡುವ ಆರೈಕೆಯನ್ನೇ ಇವರಿಗೂ ಮಾಡಬೇಕಾಯಿತು. ದ್ರವ, ಡ್ರೆಸ್ಸಿಂಗು, ಸೋಂಕಿನ ಮೇಲೆ ಕಣ್ಣು, ದಿನವೂ ಕಣ್ಣಿನ ವೈದ್ಯರ ಭೇಟಿ. ಈ ಕಾಯಿಲೆಗೆ ಎಲ್ಲರೂ ಒಪ್ಪಿದ ಒಂದೇ ಔಷಧಿಯಿಲ್ಲ. ಸೈಕ್ಲೋಸ್ಪೋರಿನ್, ಸ್ಟಿರಾಯ್ಡ್, ಇಟನರ್ಸೆಪ್ಟ್ ಎಂಬಿವುಗಳನ್ನು ಬೇರೆ ಬೇರೆ ಕಡೆ ಬೇರೆ ಬೇರೆ ರೀತಿ ಬಳಸುತ್ತಾರೆ. 2024ರಲ್ಲಿ ಜೆ.ಎ.ಕೆ. ತಡೆಗಳೆಂಬ ಔಷಧಿಗಳಿಂದ ಏಳು ರೋಗಿಗಳು ಚೇತರಿಸಿಕೊಂಡ ವರದಿ ಬಂತು. ಆಸೆ ಹುಟ್ಟಿಸುವ ಸುದ್ದಿ, ಆದರೆ ಏಳು ಚಿಕ್ಕ ಸಂಖ್ಯೆ.

ಐದು ವಾರಗಳ ಮೇಲೆ ಅವರು ಮನೆಗೆ ಬಂದರು. ಚರ್ಮ ಮತ್ತೆ ಬೆಳೆಯಿತು, ಕಣ್ಣೀರು ಮಾತ್ರ ಮರಳಲಿಲ್ಲ. ಅವರ ಕಣ್ಣು ಒಣಗಿಹೋಗಿದೆ. ಗಂಟೆಗೊಮ್ಮೆ ಡ್ರಾಪ್ಸ್ ಹಾಕಬೇಕು, ಬಿಸಿಲಿಗೆ ಹೋಗುವ ಹಾಗಿಲ್ಲ, ಪೇಪರ್ ಓದುವುದು ಕಷ್ಟ. ನಾವು ನೋಡಲು ಹೋದಾಗ ನಮ್ಮ ತಪ್ಪನ್ನು ಅವರ ಮುಂದೆ ಹೇಳಿಕೊಂಡೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಕೇಳಿದ್ರೆ ನಾನು ಹೇಳ್ತಿದ್ದೆನಪ್ಪಾ. ಮಾತ್ರೆ ಶುರುವಾದ ದಿನ ನನಗೆ ಚೆನ್ನಾಗಿ ಜ್ಞಾಪಕ ಇತ್ತು, ಅವತ್ತು ಸಂಕಷ್ಟಿ" ಎಂದರು. ಅಷ್ಟೇ ಹೇಳಿದ್ದು. ಆಮೇಲೆ ಸೊಸೆಗೆ ಕಾಫಿ ತರಲು ಹೇಳಿದರು.

ಅಂದಿನಿಂದ ಜ್ವರವೆಂದು ಯಾರೇ ಫೋನು ಮಾಡಿದರೂ ನಾವು ಕೇಳುವ ಮೊದಲ ಪ್ರಶ್ನೆ ಅದೇ. ಇಂದು ಈ ಸಭೆಯಲ್ಲಿ ನಾವು ನಿಮ್ಮಲ್ಲಿ ಬೇಡುವುದೂ ಅದನ್ನೇ. ವೈದ್ಯರು ಮರೆತರೂ ನೀವು ಮರೆಯಬೇಡಿ. ನಾವು ಕೇಳದಿದ್ದರೂ ನೀವಾಗಿಯೇ ಹೇಳಿ: "ಡಾಕ್ಟ್ರೇ, ಇಂಥ ದಿನದಿಂದ ಇಂಥ ಹೊಸ ಮಾತ್ರೆ ಶುರುವಾಗಿದೆ." ಆ ಒಂದು ವಾಕ್ಯಕ್ಕೆ ಖರ್ಚಿಲ್ಲ, ರಕ್ತಪರೀಕ್ಷೆ ಬೇಕಿಲ್ಲ, ಊರು ಯಾವುದಾದರೂ ಸರಿ. ಅದು ಒಂದು ಜೀವವನ್ನೋ ಒಂದು ಜೊತೆ ಕಣ್ಣನ್ನೋ ಉಳಿಸೀತು.

 ಈಗ ಹೋಳಿಗೆ ಬಡಿಸಬಹುದು, ನಮ್ಮ ಅಭ್ಯಂತರವಿಲ್ಲ.